ಮಂಗಳೂರಿನ ಸಿಟಿ ಬಸ್: ಕಾರಿಲ್ಲದ ಮನೆಯವರ ರಿವ್ಯೂ

ಮೊದಲು ಅಂಕ ಹೇಳಿಬಿಡುತ್ತೇನೆ. ಹಗಲು ಹೊತ್ತಿನ ಮಂಗಳೂರು ಸಿಟಿ ಬಸ್ಸಿಗೆ ಐದರಲ್ಲಿ ನಾಲ್ಕು. ರಾತ್ರಿ ಒಂಬತ್ತರ ನಂತರದ್ದಕ್ಕೆ ಒಂದು, ಅದೂ ಆ ಹೊತ್ತಿಗೆ ಇನ್ನೂ ಡ್ಯೂಟಿಯಲ್ಲಿರುವ ಡ್ರೈವರ್, ಕಂಡಕ್ಟರ್ ಮುಖ ನೋಡಿ. ಬಸ್ ಸ್ಟಾಪಿಗೆ ನಡೆದು ಹೋಗುವ ದಾರಿಗೆ ಅರ್ಧ. ಮೂರನ್ನೂ ಕೂಡಿಸಿ ಸರಾಸರಿ ತೆಗೆಯಬೇಡಿ. ಬೆಳಿಗ್ಗೆ ಬಸ್ಸಲ್ಲಿ ಹೋದವರು ರಾತ್ರಿ ವಾಪಸ್ ಬರಲೇಬೇಕು, ಅಲ್ವಾ? ಬರೋಕೆ ಬಸ್ ಇಲ್ಲ ಅಂದ್ರೆ ಹೋಗೋಕೆ ಎಷ್ಟು ಬಸ್ ಇದ್ದರೂ ಅವರು ಸ್ಕೂಟರ್ ತಗೊಳ್ಳುತ್ತಾರೆ.

ಇದನ್ನು ಬರೆಯೋಕೆ ಕಾರಣ ಉಂಟು. ಊರಿಗೆ ಹೊಸದಾಗಿ ಕೆಲಸಕ್ಕೆ ಬಂದವರು, ಗಲ್ಫಿನಿಂದ ವಾಪಸ್ ಬಂದು ಮನೆ ಹುಡುಕುತ್ತಿರುವವರು, ಎಲ್ಲರೂ ಕೇಳುವುದು ಒಂದೇ: ಮಂಗಳೂರಲ್ಲಿ ಕಾರಿಲ್ಲದೆ ಆಗುತ್ತಾ? ನಮ್ಮ ಮನೆಯಲ್ಲಿ ಕಾರಿಲ್ಲ, ಸ್ಕೂಟರೂ ಇಲ್ಲ. ಬೇಡ ಅಂತಲೇ ತಗೊಂಡಿಲ್ಲ. ನಾನು, ಅಮ್ಮ, ಪಿಯುಸಿ ಓದುವ ಮಗಳು ಕಂಕನಾಡಿ ಕಡೆ ಬಾಡಿಗೆ ಮನೆಯಲ್ಲಿದ್ದೇವೆ. ಮೂವರ ಓಡಾಟವೂ ಬಸ್ಸಲ್ಲೇ. ಹಾಗಾಗಿ ಈ ಸೇವೆಯ ಒಳ್ಳೇದು, ಕೆಟ್ಟದ್ದು ಎರಡೂ ನಮಗೆ ದಿನಾ ಸಿಗುತ್ತದೆ.

ಒಳ್ಳೇದರಿಂದ ಶುರು ಮಾಡೋಣ, ಅದು ಜಾಸ್ತಿ ಉಂಟು.

ಕಂಕನಾಡಿಯಿಂದ ಸ್ಟೇಟ್‌ಬ್ಯಾಂಕಿಗೆ (ಸಿಟಿ ಬಸ್ ನಿಲ್ದಾಣ ಇರುವ ಜಾಗಕ್ಕೆ ಇಲ್ಲಿ ಹೇಳುವ ಹೆಸರು) ಹೋಗಬೇಕಾದರೆ ಟೈಮ್ ನೋಡಿಕೊಂಡು ಮನೆಯಿಂದ ಹೊರಡುವ ಕೆಲಸವೇ ಇಲ್ಲ. ಸ್ಟಾಪಿಗೆ ಹೋಗಿ ನಿಂತರೆ ಒಂದಲ್ಲ ಒಂದು ಬಸ್ ಬರುತ್ತದೆ. ಬೆಂದೂರ್‌ವೆಲ್, ಬಲ್ಮಠ, ಜ್ಯೋತಿ, ಹಂಪನಕಟ್ಟೆ ಅಂತ ದಾಟುತ್ತಾ ಊರಿನ ಆಸ್ಪತ್ರೆ, ಕಾಲೇಜು, ಕೋರ್ಟು, ಮಾರ್ಕೆಟ್ ಎಲ್ಲದರ ಬಾಗಿಲಿಗೂ ಬಿಡುತ್ತದೆ. ಮಂಗಳಾದೇವಿಗೆ 27, ಉಳ್ಳಾಲಕ್ಕೆ 44, ಹೀಗೆ ನಂಬರಿನಲ್ಲೇ ಊರು ಗೊತ್ತಾಗುತ್ತದೆ. ಮೊಬೈಲಲ್ಲಿ ಚಲೋ ಆ್ಯಪ್ ಬಂದ ಮೇಲೆ ಬಸ್ ಎಲ್ಲಿ ಬರುತ್ತಿದೆ ಅಂತ ನೋಡುವ ಸೌಕರ್ಯವೂ ಸಿಕ್ಕಿತು. 2011ರ ಜನಗಣತಿಯಲ್ಲಿ ಐದು ಲಕ್ಷದ ಹತ್ತಿರ ಜನ ಇದ್ದ ಊರು ಇದು. ಇಷ್ಟು ಗಾತ್ರದ ಊರಲ್ಲಿ ಹಗಲಿಡೀ ಇಷ್ಟು ಒತ್ತಾಗಿ ಬಸ್ ಓಡುವುದು ಸಣ್ಣ ಮಾತಲ್ಲ. ಇನ್ನೊಂದು ವಿಷಯ ಹೆಚ್ಚಿನವರು ಗಮನಿಸುವುದಿಲ್ಲ: ಇವೆಲ್ಲ ಹೆಚ್ಚಾಗಿ ಖಾಸಗಿ ಬಸ್ಸುಗಳು, ನಾವು ಕೊಡುವ ಟಿಕೆಟ್ ದುಡ್ಡಲ್ಲೇ ಡೀಸೆಲ್, ಟಯರ್, ಸಂಬಳ ಎಲ್ಲ ಆಗಬೇಕು. ಊರಿನ ಅರ್ಧ ಜನರನ್ನು ಹೊತ್ತು ತಿರುಗುವ ಸೇವೆಗೆ ಸಾರ್ವಜನಿಕ ಹಣ ಅಂತ ಸೇರುವುದು ತೀರಾ ಕಡಿಮೆ.

ಕಂಡಕ್ಟರುಗಳ ಬಗ್ಗೆ ಒಂದು ಮಾತು ಹೇಳದಿದ್ದರೆ ಈ ರಿವ್ಯೂ ಪೂರ್ತಿಯಾಗುವುದಿಲ್ಲ. ಸಂಜೆ ಆರರ ಬಸ್ಸಲ್ಲಿ ನಿಂತು ಒಬ್ಬ ಕಂಡಕ್ಟರನ್ನು ಸುಮ್ನೆ ನೋಡಿ. ನೋಟುಗಳು ಉದ್ದುದ್ದಕ್ಕೆ ಮಡಚಿ ಬೆರಳ ಸಂದಿಯಲ್ಲಿ ಸಾಲಾಗಿ, ಹತ್ತು ಒಂದು ಸಂದಿ, ಇಪ್ಪತ್ತು ಇನ್ನೊಂದು. ಅದೇ ಕೈಯಲ್ಲಿ ಮೇಲಿನ ರಾಡ್ ಹಿಡಿದಿರುತ್ತಾರೆ. ಬಾಯಲ್ಲಿ ವಿಸಿಲ್. ಚಿಲ್ಲರೆ ಕೊಡುತ್ತಲೇ ಹಿಂದಿನವರಿಗೆ "ದುಂಬು ಪೋಲೆ ಅಕ್ಕ, ದುಂಬು ಪೋಲೆ" ಅಂತ ತುಳುವಿನಲ್ಲಿ ಮುಂದೆ ಹೋಗಲು ಹೇಳುತ್ತಾರೆ, ಮುಂದೆ ಇಳಿಯುವ ಅಜ್ಜಿಗೆ "ನಿಧಾನ ಅಮ್ಮಾ" ಅನ್ನುತ್ತಾರೆ. ನನ್ನ ಮಗಳು ಪುಸ್ತಕದ ಚೀಲ ಹೊತ್ತು ನಿಂತಿದ್ದರೆ ಕೂತವರಿಗೆ ಹೇಳಿ ಚೀಲ ಕೊಡಿಸುತ್ತಾರೆ. ಮನೆಯ ಸ್ಟಾಪ್ ಬಂದಾಗ ಕೇಳದೆಯೇ ವಿಸಿಲ್ ಊದುವ ಕಂಡಕ್ಟರುಗಳು ಇದ್ದಾರೆ. ಇದಕ್ಕೆ ಯಾವ ಊರಿನ ಮೆಟ್ರೋ ಕೂಡ ಸಾಟಿ ಅಲ್ಲ ಅಂತ ನನಗೆ ಪ್ರಾಮಾಣಿಕವಾಗಿ ಅನಿಸುತ್ತದೆ.

ಇನ್ನು ಕೆಟ್ಟದ್ದು.

ಜ್ಯೋತಿ ಸ್ಟಾಪಿನಲ್ಲಿ ಸಂಜೆ ಹೊತ್ತು ನಿಂತರೆ ಗೊತ್ತಾಗುತ್ತದೆ. ಒಂದು ಬಸ್ ಜನ ತುಂಬಿಕೊಳ್ಳುತ್ತಾ ನಿಂತಿರುತ್ತದೆ. ಹಿಂದಿನಿಂದ ಅದೇ ದಾರಿಯ ಇನ್ನೊಂದು ಬಸ್ ಬಂದು ಹಾರ್ನ್ ಒತ್ತುತ್ತದೆ. ಹಿಂದಿನ ಕಂಡಕ್ಟರ್ ಇಳಿದು ಬಂದು ವಾಚ್ ತೋರಿಸುತ್ತಾರೆ, ನಿನ್ನ ಟೈಮ್ ಆಯ್ತು, ಹೊರಡು ಅಂತ. ಇವರು ಇನ್ನೂ ಒಂದು ನಿಮಿಷ ಉಂಟು ಅನ್ನುತ್ತಾರೆ. ಮಾತು ಜೋರಾಗುತ್ತದೆ. ಅಷ್ಟರಲ್ಲಿ ಎರಡು ವಿಸಿಲ್. ಒಂದು ಕಾಲು ಮೆಟ್ಟಿಲ ಮೇಲಿಟ್ಟ ಹೆಂಗಸು ಇನ್ನೊಂದು ಕಾಲು ಎತ್ತುವ ಮೊದಲೇ ಬಸ್ ಹೊರಟಿರುತ್ತದೆ. ಅಮ್ಮನಿಗೆ ಹೀಗೆ ಒಮ್ಮೆ ಆಯಿತು. ಹಿಂದಿದ್ದ ಹುಡುಗನೊಬ್ಬ ತೋಳು ಹಿಡಿದುಕೊಂಡ, ಬಚಾವಾದರು. ಆಮೇಲೆ ತುಂಬ ದಿನ ಅಮ್ಮ ಬಸ್ ಅಂದ್ರೆ ಬೇಡ ಅನ್ನುತ್ತಿದ್ದರು. ಅಮ್ಮನ ವಯಸ್ಸಿನವರು ಹೀಗೆ ಬಸ್ ಬಿಟ್ಟರೆ ಅವರ ಓಡಾಟವೇ ನಿಂತುಹೋಗುತ್ತದೆ. ದೇವಸ್ಥಾನ, ತಂಗಿ ಮನೆ, ಎಲ್ಲದಕ್ಕೂ ಬೇರೆಯವರ ಪುರುಸೊತ್ತು ಕಾಯಬೇಕು.

ಇದಕ್ಕೆ ಡ್ರೈವರುಗಳನ್ನು ಬೈಯುವವರು ಬಹಳ. ನಾನು ಬೈಯುವುದಿಲ್ಲ. ದುಡ್ಡು ಹೇಗೆ ಹರಿಯುತ್ತದೆ ಅಂತ ಸ್ವಲ್ಪ ನೋಡಿ. ಮಾಲೀಕರಿಗೆ ಪರ್ಮಿಟ್ ಉಂಟು, ಪರ್ಮಿಟ್ಟಿನಲ್ಲಿ ದಾರಿ ಮತ್ತು ಟೈಮ್ ಬರೆದಿರುತ್ತದೆ. ಆದರೆ ಆದಾಯ ಮಾತ್ರ ಆ ದಿನ ಎಷ್ಟು ಜನ ಹತ್ತಿದರು ಅನ್ನುವುದರ ಮೇಲೆ. ಡ್ರೈವರ್, ಕಂಡಕ್ಟರಿಗೂ ಕಲೆಕ್ಷನ್ ಮೇಲೆ ಪಾಲು. ಒಂದೇ ದಾರಿಯಲ್ಲಿ ಹತ್ತು ಮಾಲೀಕರ ಬಸ್ ಇದ್ದರೆ, ಮುಂದಿನ ಸ್ಟಾಪಿನಲ್ಲಿ ನಿಂತಿರುವ ಎಂಟು ಜನ ಯಾರ ಬಸ್ಸಿಗೆ ಹತ್ತುತ್ತಾರೆ ಅನ್ನುವುದು ಅವತ್ತು ಮನೆಗೆ ಎಷ್ಟು ಹೋಗುತ್ತದೆ ಅನ್ನುವ ಪ್ರಶ್ನೆ. ಹಾಗಾಗಿ ಜನ ಇರುವ ಕಡೆ ನಿಲ್ಲಿಸಿ ಕಾಯುತ್ತಾರೆ, ಜನ ಇಲ್ಲದ ಕಡೆ ಓಡಿಸುತ್ತಾರೆ, ಭಾನುವಾರ ಟ್ರಿಪ್ ಕಟ್ ಮಾಡುತ್ತಾರೆ, ರಾತ್ರಿ ಬೇಗ ಬಸ್ ನಿಲ್ಲಿಸಿಬಿಡುತ್ತಾರೆ. ಮನುಷ್ಯರು ಬದಲಾದರೂ ಇದು ಹೀಗೇ ನಡೆಯುತ್ತದೆ. ದುಡ್ಡು ಕೊಡುವ ರೀತಿ ಬದಲಾಗಬೇಕು, ನನ್ನ ಮುಖ್ಯ ಮಾತು ಇದೇ.

ಬಸ್ಸು ಖಾಸಗಿಯವರದ್ದೇ ಇರಲಿ, ಏನೂ ತೊಂದರೆ ಇಲ್ಲ. ಲಂಡನ್ನಿನ ಕೆಂಪು ಬಸ್ಸುಗಳನ್ನು ಓಡಿಸುವುದೂ ಖಾಸಗಿ ಕಂಪನಿಗಳೇ. ಆದರೆ ಅಲ್ಲಿ ದಾರಿ, ಟೈಮ್, ಟಿಕೆಟ್ ದರ ಎಲ್ಲವನ್ನೂ ನಿರ್ಧರಿಸುವುದು ಊರಿನ ಸಾರಿಗೆ ಸಂಸ್ಥೆ. ಕಂಪನಿಗೆ ದುಡ್ಡು ಸಿಗುವುದು ಹೇಳಿದ ಸೇವೆಯನ್ನು ಹೇಳಿದ ಹಾಗೆ ನಡೆಸಿದ್ದಕ್ಕೆ. ಬ್ರಿಟನ್ನಿನ ಉಳಿದ ಊರುಗಳಲ್ಲಿ 1986ರಲ್ಲಿ ಬಸ್ಸನ್ನು ಪೂರ್ತಿ ಮಾರುಕಟ್ಟೆಗೆ ಬಿಟ್ಟರು. ಮ್ಯಾಂಚೆಸ್ಟರಿನಲ್ಲಿ ಆದದ್ದು ನಮಗೆ ಚೆನ್ನಾಗಿ ಗೊತ್ತಿರುವ ಕಥೆ: ಲಾಭದ ದಾರಿಯಲ್ಲಿ ಬಸ್ಸಿನ ಮೇಲೆ ಬಸ್ಸು, ಉಳಿದ ಕಡೆ ಇಲ್ಲ, ಒಬ್ಬರ ಪಾಸು ಇನ್ನೊಬ್ಬರ ಬಸ್ಸಲ್ಲಿ ನಡೆಯುವುದಿಲ್ಲ. ಕೊನೆಗೆ 2023ರ ಸೆಪ್ಟೆಂಬರಿನಿಂದ ಒಂದೊಂದೇ ಭಾಗವಾಗಿ ಬಸ್ ವ್ಯವಸ್ಥೆಯನ್ನು ಊರಿನ ಕೈಗೆ ತಗೊಂಡರು, 2025ರ ಜನವರಿಗೆ ಅದು ಪೂರ್ತಿಯಾಯಿತು. ಬಸ್ ಓಡಿಸುವವರು ಈಗಲೂ ಕಂಪನಿಗಳೇ. ಆದರೆ ಬಣ್ಣ ಒಂದು, ಟಿಕೆಟ್ ಒಂದು, ಜವಾಬ್ದಾರಿ ಹೊತ್ತವರು ಯಾರು ಅಂತ ಎಲ್ಲರಿಗೂ ಗೊತ್ತು.

ಇದು ವಿದೇಶದ ಮಾತಾಯಿತು ಅನ್ನಬೇಡಿ. ಕೇಂದ್ರ ಸರ್ಕಾರದ ಪಿಎಂ ಇ-ಬಸ್ ಸೇವಾ ಯೋಜನೆ 2023ರ ಆಗಸ್ಟಿನಲ್ಲಿ ಘೋಷಣೆಯಾಯಿತು. 10,000 ಎಲೆಕ್ಟ್ರಿಕ್ ಬಸ್ಸುಗಳನ್ನು ಊರೂರುಗಳಿಗೆ ಕೊಡುವ ಯೋಜನೆ ಅದು. ಅದರಲ್ಲೂ ಬಸ್ ಓಡಿಸುವ ಖಾಸಗಿಯವರಿಗೆ ಹಣ ಕಿಲೋಮೀಟರ್ ಲೆಕ್ಕದಲ್ಲಿ. ಎಷ್ಟು ಜನ ಹತ್ತಿದರು ಅನ್ನುವುದು ಅವರ ತಲೆನೋವಲ್ಲ. ಇದೇ ಲೆಕ್ಕವನ್ನು ನಮ್ಮ ಸಿಟಿ ಬಸ್ ಮಾಲೀಕರ ಜೊತೆ ಕೂತು ಮಾತಾಡಿ ಮಾಡಬಹುದು. ಅವರ ಅನುಭವ ದೊಡ್ಡದು, ಬಸ್ ಉಂಟು, ಡಿಪೋ ಉಂಟು, ಊರಿನ ಮೂಲೆ ಮೂಲೆ ಗೊತ್ತಿರುವ ಡ್ರೈವರುಗಳಿದ್ದಾರೆ. ಟಿಕೆಟ್ ಹಣ ಒಂದೇ ಖಾತೆಗೆ ಬೀಳಲಿ, ಓಡಿಸಿದ ಕಿಲೋಮೀಟರಿಗೆ ಪಾವತಿ ಆಗಲಿ, ಸ್ಟಾಪ್ ಬಿಟ್ಟರೆ, ಟ್ರಿಪ್ ಕಟ್ ಮಾಡಿದರೆ ಕಡಿತ ಆಗಲಿ. ಆಗ ಜ್ಯೋತಿಯಲ್ಲಿ ವಾಚ್ ತೋರಿಸಿ ಜಗಳ ಮಾಡೋಕೆ ಕಾರಣವೇ ಇರುವುದಿಲ್ಲ. ಖರ್ಚು ಬರುತ್ತದೆ, ಹೌದು. ಫ್ಲೈಓವರಿಗೂ ಬರುತ್ತದೆ.

ಫ್ಲೈಓವರ್ ಮಾತು ಬಂತು ನೋಡಿ. ಪಂಪ್‌ವೆಲ್ ಫ್ಲೈಓವರ್ ಹತ್ತು ವರ್ಷದ ಹತ್ತಿರ ಎಳೆದಾಡಿ 2020ರ ಜನವರಿ ಕೊನೆಗೆ ಓಪನ್ ಆಯಿತು. ಆ ಕಾಯುವಿಕೆಯನ್ನು ಈ ಊರಿನವರು ಯಾರೂ ಮರೆತಿರಲಿಕ್ಕಿಲ್ಲ. ಈಗ ಮೇಲೆ ವಾಹನ ಸಲೀಸಾಗಿ ಹೋಗಿ ಸ್ವಲ್ಪ ಮುಂದೆ ನಂತೂರಿನಲ್ಲಿ ಸಾಲು ನಿಲ್ಲುತ್ತವೆ. ಮಳೆ ಜೋರಾದರೆ ಕೆಳಗೆ ನೀರು. ಬಸ್ಸಿಗೆ ಕಾಯುವವರು ನಿಲ್ಲುವುದು ಆ ಕೆಳಗೆ.

ಈಗ ರಾತ್ರಿಯ ವಿಷಯ. ಎಂಟೂವರೆ ದಾಟಿದ ಮೇಲೆ ಸ್ಟೇಟ್‌ಬ್ಯಾಂಕಿನಲ್ಲಿ ನಿಂತು ನೋಡಿ. ಬಟ್ಟೆ ಅಂಗಡಿಯಲ್ಲಿ ಸೇಲ್ಸಿನ ಹುಡುಗಿಯರು, ಹೋಟೆಲಿನವರು, ಆಸ್ಪತ್ರೆಯಲ್ಲಿ ಸೆಕೆಂಡ್ ಶಿಫ್ಟ್ ಮುಗಿಸಿದವರು, ಎಲ್ಲರೂ ಲಾಸ್ಟ್ ಬಸ್ಸಿನ ಚಿಂತೆಯಲ್ಲಿರುತ್ತಾರೆ. ಬಸ್ ಉಂಟಾ ಇಲ್ವಾ ಅನ್ನುವುದು ಅವತ್ತಿನ ಮಳೆ, ಅವತ್ತಿನ ಕಲೆಕ್ಷನ್ ಮೇಲೆ. ಕಳೆದ ಮಳೆಗಾಲದಲ್ಲಿ ನಾನು ಆಫೀಸಿನಿಂದ ತಡವಾಗಿ ಬಂದಾಗ ಪಕ್ಕದಲ್ಲಿ ನಿಂತಿದ್ದ ಹುಡುಗಿ ಮನೆಗೆ ಫೋನ್ ಮಾಡಿ "ಅಣ್ಣ, ತೊಕ್ಕೊಟ್ಟಿನವರೆಗೆ ಬಾ, ಅಲ್ಲಿಯವರೆಗೆ ಹೇಗಾದರೂ ಬರ್ತೇನೆ" ಅನ್ನುತ್ತಿದ್ದಳು. ಆಟೋದಲ್ಲಿ ಹೋದರೆ ಅವಳ ಆ ದಿನದ ಸಂಬಳದಲ್ಲಿ ಎಷ್ಟು ಉಳಿಯುತ್ತದೆ ಹೇಳಿ. ಹೀಗೆ ಎರಡು ಸಲ ಆದರೆ ಮನೆಯವರು ಕೆಲಸ ಬಿಡು ಅನ್ನುತ್ತಾರೆ, ಇಲ್ಲವೇ ಸಾಲ ಮಾಡಿ ಸ್ಕೂಟರ್ ಕೊಡಿಸುತ್ತಾರೆ. ರಾತ್ರಿ ಹನ್ನೊಂದರವರೆಗೆ ಮುಖ್ಯ ದಾರಿಗಳಲ್ಲಿ ಅರ್ಧ ಗಂಟೆಗೆ ಒಂದು ಬಸ್ ಖಾಯಂ ಆಗಿ ಓಡಿದರೆ ಸಾಕು, ಅದು ಖಾಲಿಯೇ ಓಡಿದರೂ ಸರಿ. ಆ ಬಸ್ ಉಂಟು ಅನ್ನುವ ಧೈರ್ಯದ ಮೇಲೆ ಜನ ಬೆಳಗ್ಗಿನ ಬಸ್ಸಿಗೂ ಹತ್ತುತ್ತಾರೆ.

ಹೆಂಗಸರ ವಿಷಯ ಬಂದಾಗ ಶಕ್ತಿ ಯೋಜನೆಯ ಮಾತು ಆಡಲೇಬೇಕು. 2023ರ ಜೂನ್ 11ರಂದು ಶುರುವಾದಾಗಿನಿಂದ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಮೈಸೂರಿನಲ್ಲಿ ಮನೆಗೆಲಸಕ್ಕೆ ಹೋಗುವ ಹೆಂಗಸಿಗೆ ಸಿಟಿ ಬಸ್ ಫ್ರೀ. ಉಳ್ಳಾಲದಿಂದ ಕದ್ರಿಗೆ ಅದೇ ಕೆಲಸಕ್ಕೆ ಬರುವವರು ಎರಡು ಹೊತ್ತೂ ದುಡ್ಡು ಕೊಟ್ಟು ಹೋಗುತ್ತಾರೆ, ಯಾಕಂದ್ರೆ ಅವರ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ದಕ್ಷಿಣ ಕನ್ನಡ, ಉಡುಪಿ ಎರಡೂ ಜಿಲ್ಲೆಯ ಕಥೆ ಇದು. ನಾವೂ ಇದೇ ರಾಜ್ಯಕ್ಕೆ ತೆರಿಗೆ ಕಟ್ಟುವವರು. ಕಿಲೋಮೀಟರ್ ಲೆಕ್ಕದ ಪಾವತಿ ಬಂದರೆ ಈ ಗಂಟೂ ಬಿಡುತ್ತದೆ: ಬಸ್ಸಿನ ಖರ್ಚು ಬೇರೆ ಕಡೆಯಿಂದ ಬರುವಾಗ ಹೆಂಗಸರ ಟಿಕೆಟ್ ಮಾಫಿ ಮಾಡೋಕೆ ಮಾಲೀಕರ ಅಡ್ಡಿ ಇರುವುದಿಲ್ಲ.

ಸ್ಟಾಪುಗಳಿಗೆ ಬರೋಣ. ವರ್ಷಕ್ಕೆ 3,500 ಮಿಲಿಮೀಟರಿನ ಮೇಲೆ ಮಳೆ ಬೀಳುವ ಊರು ಇದು. ಇಲ್ಲಿಯ ಮಳೆ ನೇರ ಬೀಳುವುದಿಲ್ಲ, ಗಾಳಿಯ ಜೊತೆ ಅಡ್ಡಕ್ಕೆ ಹೊಡೆಯುತ್ತದೆ. ಚಂದದ ತೆಳು ಮಾಡು ಇರುವ ಶೆಲ್ಟರಿನಲ್ಲಿ ಕೊಡೆ ಬಿಡಿಸಿಯೇ ನಿಲ್ಲಬೇಕು. ನಮಗೆ ಬೇಕಾದದ್ದು ಮೂರು ಕಡೆ ಗೋಡೆ, ಮುಂದಕ್ಕೆ ಚಾಚಿದ ಮಾಡು, ಒಂದು ಲೈಟು, ಕೂರೋಕೆ ಕಲ್ಲು. ಹಳೇ ಕಾಲದ ಪಂಚಾಯತ್ ತಂಗುದಾಣಗಳು ಹಾಗೇ ಇದ್ದವು.

ಇನ್ನು ಸ್ಟಾಪಿಗೆ ಹೋಗುವ ದಾರಿ. ಗುಡ್ಡದ ಊರು, ಏರು ಇಳಿತ ತಪ್ಪಿದ್ದಲ್ಲ, ಅದನ್ನು ಯಾರೂ ದೂರುವುದಿಲ್ಲ. ಆದರೆ ಫುಟ್‌ಪಾತ್ ಎಲ್ಲಿ? ಊರ ನಡುವೆ ಸ್ಮಾರ್ಟ್ ಸಿಟಿ ಹಣದಲ್ಲಿ ಕೆಲವು ರಸ್ತೆಗಳಿಗೆ ಒಳ್ಳೇ ಫುಟ್‌ಪಾತ್ ಬಂದಿದೆ. ಅಲ್ಲಿ ಅಮ್ಮ ಈಗ ಒಬ್ಬರೇ ನಡೆಯುತ್ತಾರೆ, ಅದಕ್ಕೆ ಪೂರ್ತಿ ಮೆಚ್ಚುಗೆ. ಅದರಾಚೆ ಹೋದರೆ ಚರಂಡಿಯ ಮೇಲಿನ ಸ್ಲ್ಯಾಬೇ ಫುಟ್‌ಪಾತ್, ಎರಡು ಸ್ಲ್ಯಾಬಿನ ನಡುವೆ ಕಾಲು ಹೋಗುವಷ್ಟು ಸಂದು, ಅದರ ಮೇಲೆ ಅಂಗಡಿಯವರ ಬೋರ್ಡು, ಬೈಕು. ಹೈವೇ ದಾಟಬೇಕಾದ ಕಡೆಯಂತೂ ಜೀವ ಕೈಯಲ್ಲಿ. ಬಸ್ಸಿನ ಮೆಟ್ಟಿಲು ಎತ್ತರ, ಮೊಣಕಾಲು ನೋವಿದ್ದವರು ರಾಡ್ ಹಿಡಿದು ಎಳೆದುಕೊಂಡು ಹತ್ತಬೇಕು. ವೀಲ್‌ಚೇರಿನವರಿಗೆ ನಮ್ಮ ಸಿಟಿ ಬಸ್ ಇಲ್ಲವೇ ಇಲ್ಲ. ಅಂಕ ಕಡಿಮೆ ಕೊಟ್ಟದ್ದಕ್ಕೆ ಇದು ದೊಡ್ಡ ಕಾರಣ.

ಇಷ್ಟು ಹೊತ್ತು ಬಸ್ ಬಗ್ಗೆ ಹೇಳಿದೆ, ಆದರೆ ಅರ್ಧ ವಿಷಯ ಮನೆಯದ್ದು. ಕದ್ರಿ, ಬಿಜೈ, ಬೆಂದೂರ್‌ವೆಲ್ ಕಡೆ ಫ್ಲ್ಯಾಟಿನ ರೇಟು ಸಂಬಳದವರ ಕೈಗೆ ಸಿಗುವುದಿಲ್ಲ. ಹಾಗಾಗಿ ಜನ ದೇರಳಕಟ್ಟೆ, ವಾಮಂಜೂರು, ಕಾವೂರಿನಾಚೆ, ಸುರತ್ಕಲ್ ಕಡೆ ಹೋಗುತ್ತಾರೆ. ಅಲ್ಲಿ ಮನೆ ಅಗ್ಗ, ಸರಿ. ಆದರೆ ಮುಖ್ಯ ರಸ್ತೆಯಿಂದ ಒಂದು ಕಿಲೋಮೀಟರ್ ಒಳಗೆ, ಏರು ರಸ್ತೆ, ದಾರಿದೀಪ ಇಲ್ಲ, ಬಸ್ ಆ ಕಡೆ ತಿರುಗುವುದೇ ಇಲ್ಲ. ಮನೆಯಲ್ಲಿ ಉಳಿಸಿದ್ದು ಕಾರಿನ ಇಎಂಐಗೆ, ಪೆಟ್ರೋಲಿಗೆ ಹೋಗುತ್ತದೆ. ಗಂಡನಿಗೊಂದು, ಹೆಂಡತಿಗೊಂದು, ಮಗ ಕಾಲೇಜಿಗೆ ಸೇರಿದರೆ ಅವನಿಗೊಂದು ವಾಹನ. ಮನೆ ಹುಡುಕುವಾಗ ಬಾಡಿಗೆಯ ಜೊತೆ ಓಡಾಟದ ಖರ್ಚನ್ನೂ ಕೂಡಿಸಿ ನೋಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಾವು ಕಂಕನಾಡಿಯಲ್ಲಿ ಸಣ್ಣ ಮನೆಗೆ ಸ್ವಲ್ಪ ಜಾಸ್ತಿ ಬಾಡಿಗೆ ಕೊಡುತ್ತೇವೆ, ಹಾಲ್ ಚಿಕ್ಕದು, ನೆಂಟರು ಬಂದರೆ ಇಕ್ಕಟ್ಟು. ತಿಂಗಳ ಕೊನೆಗೆ ಲೆಕ್ಕ ಹಾಕಿದರೆ ನಮಗೆ ಉಳಿತಾಯವೇ. ಆದರೆ ಇದನ್ನು ಪ್ರತಿಯೊಂದು ಮನೆಯವರೂ ತಮ್ಮ ಪಾಡಿಗೆ ಲೆಕ್ಕ ಹಾಕಿ ಸರಿ ಮಾಡಿಕೊಳ್ಳಲಿ ಅಂತ ಬಿಡುವುದು ತಪ್ಪು. ಊರ ನಡುವೆ, ಬಸ್ ದಾರಿಯಲ್ಲಿ, ಸಂಬಳದವರಿಗೆ ಎಟಕುವ ಬಾಡಿಗೆ ಮನೆಗಳನ್ನು ಕಟ್ಟುವುದು ಸರ್ಕಾರದ ಕೆಲಸ.

ಆಸ್ಟ್ರಿಯಾದ ರಾಜಧಾನಿ ವಿಯೆನ್ನಾದಲ್ಲಿ ಅದನ್ನು ನೂರು ವರ್ಷದಿಂದ ಮಾಡುತ್ತಿದ್ದಾರೆ. ಆ ಊರಿನ ಅರ್ಧದಷ್ಟು ಜನ ನಗರಾಡಳಿತದ ಅಥವಾ ಸರ್ಕಾರಿ ನೆರವಿನ ಮನೆಗಳಲ್ಲಿ ಇದ್ದಾರೆ. ಬಡವರು ಮಾತ್ರ ಅಲ್ಲ, ಟೀಚರು, ನರ್ಸು, ಟ್ರಾಮ್ ಡ್ರೈವರು ಎಲ್ಲರೂ. ನನಗೆ ತುಂಬ ಇಷ್ಟವಾದದ್ದು ಇದು: ಊರ ಅಂಚಿನಲ್ಲಿ ಝೇಸ್ಟಾಡ್ಟ್ ಅಂತ ಒಂದು ಹೊಸ ಬಡಾವಣೆ ಕಟ್ಟಿದರು. ಅಲ್ಲಿಗೆ ಮೆಟ್ರೋ ಓಡಲು ಶುರುವಾದದ್ದು 2013ರ ಅಕ್ಟೋಬರಿನಲ್ಲಿ. ಮೊದಲ ಮನೆಯವರು ವಾಸಕ್ಕೆ ಬಂದದ್ದು 2014ರಲ್ಲಿ. ರೈಲು ಮೊದಲು, ಮನೆ ಆಮೇಲೆ. ನಮ್ಮಲ್ಲಿ ಹದಿನೈದು ಮಹಡಿ ಎದ್ದು, ಗೃಹಪ್ರವೇಶ ಆಗಿ, ಎಲ್ಲರೂ ಕಾರು ತಗೊಂಡು ಆದ ಮೇಲೆ ಬಸ್ ಬೇಕು ಅಂತ ಅರ್ಜಿ ಕೊಡುತ್ತೇವೆ. ಅದೇ ವಿಯೆನ್ನಾ 2012ರಲ್ಲಿ ವರ್ಷದ ಪಾಸನ್ನು 449 ಯೂರೋದಿಂದ 365ಕ್ಕೆ ಇಳಿಸಿತು, ದಿನಕ್ಕೊಂದು ಯೂರೋ ಲೆಕ್ಕ. ಆ ವರ್ಷವೇ ಪಾರ್ಕಿಂಗ್ ದರವನ್ನು ಏರಿಸಿತು. ಕೆಲವೇ ವರ್ಷದಲ್ಲಿ ಊರಿನ ಕಾರುಗಳಿಗಿಂತ ಪಾಸುದಾರರು ಜಾಸ್ತಿಯಾದರು. ದರ ಆಮೇಲೆ ಏರಿದೆ, ಆದರೆ ಅಷ್ಟರಲ್ಲಿ ಜನರಿಗೆ ಬಸ್, ಟ್ರಾಮ್ ರೂಢಿಯಾಗಿತ್ತು.

ಪಾರ್ಕಿಂಗ್ ಬಗ್ಗೆ ನಮ್ಮಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಒಂದು ಕಾರು ನಿಲ್ಲೋಕೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂದ್ರೆ ಸುಮಾರು 135 ಚದರ ಅಡಿ, ಒಂದು ಬೆಡ್‌ರೂಮಿನಷ್ಟು ಜಾಗ. ಒಳಗೆ ಬರುವ, ತಿರುಗಿಸುವ ದಾರಿ ಬೇರೆ. ಅದನ್ನು ಕಟ್ಟಿದ ಖರ್ಚು ಫ್ಲ್ಯಾಟಿನ ರೇಟಿನಲ್ಲೇ ಸೇರಿರುತ್ತದೆ, ಕಾರಿಲ್ಲದವರೂ ಕೊಡಬೇಕು. ಪ್ರತಿ ಫ್ಲ್ಯಾಟಿಗೆ ಇಷ್ಟು ಪಾರ್ಕಿಂಗ್ ಇರಲೇಬೇಕು ಅನ್ನುವ ನಿಯಮವನ್ನು ಬಸ್ ದಾರಿಯ ಪಕ್ಕದ ಕಟ್ಟಡಗಳಿಗಾದರೂ ಸಡಿಲ ಮಾಡಬೇಕು. ಕಾರು ಬೇಡದವರು ಕಡಿಮೆ ಕೊಟ್ಟು ಮನೆ ತಗೊಳ್ಳಲಿ. ರಸ್ತೆ ಬದಿಯಲ್ಲಿ ಸುಮ್ನೆ ನಿಲ್ಲಿಸಿ ಹೋಗುವವರಿಂದ ಗಂಟೆ ಲೆಕ್ಕದಲ್ಲಿ ದುಡ್ಡು ತಗೊಂಡು ಆ ಹಣವನ್ನು ರಾತ್ರಿ ಬಸ್ಸಿಗೆ ಹಾಕಲಿ. ಹಂಪನಕಟ್ಟೆಯಲ್ಲಿ ಹಿಂದೆ ಬಸ್ ನಿಲ್ದಾಣ ಇದ್ದ ಜಾಗವನ್ನು ಬಹುಮಹಡಿ ಕಾರು ಪಾರ್ಕಿಂಗಿಗೆ ಗೊತ್ತು ಮಾಡಿದ್ದು ನನಗೆ ಇವತ್ತಿಗೂ ಸಂಕಟದ ವಿಷಯ. ಊರಿನ ನಟ್ಟ ನಡುವಿನ ಜಾಗ ಅದು. ಅಲ್ಲಿ ಕಾರಿಗೆ ಮಹಡಿ ಕಟ್ಟುವ ಯೋಚನೆ ಬಂತು, ಮಳೆಯಲ್ಲಿ ನಿಲ್ಲುವವರಿಗೆ ಮಾಡು ಕಟ್ಟುವ ಯೋಚನೆ ಬರಲಿಲ್ಲ. ರಸ್ತೆಯ ಜಾಗ ಹಂಚುವಾಗ ವಾಹನಕ್ಕಿಂತ ಜನರನ್ನು ಮುಂದಿಡಬೇಕು ಅಂತ ದೇಶದ ನಗರ ಸಾರಿಗೆ ನೀತಿಯಲ್ಲಿ 2006ರಲ್ಲೇ ಬರೆದಿದ್ದಾರೆ.

ಉಡುಪಿಯ ಬಗ್ಗೆ ಎರಡು ಮಾತು, ಯಾಕಂದ್ರೆ ಅಮ್ಮನ ತಂಗಿ ಮನೆ ಅಲ್ಲಿ. ಮಣಿಪಾಲ, ಉಡುಪಿ, ಮಲ್ಪೆ ದಾರಿಯಲ್ಲಿ ಬಸ್ ಧಾರಾಳ, ಮಂಗಳೂರಿನಿಂದ ಎಕ್ಸ್‌ಪ್ರೆಸ್ ಬಸ್ಸುಗಳೂ ಹಾಗೇ. ಬೆಳಿಗ್ಗೆ ಶಂಕರಪುರದ ಮಲ್ಲಿಗೆ ಕಟ್ಟುಗಳು ಬಸ್ಸಲ್ಲೇ ಮಂಗಳೂರಿಗೆ ಬರುವುದು ನೋಡಿದರೆ ಈ ಸೇವೆ ಎಷ್ಟು ಜನರ ಹೊಟ್ಟೆಪಾಡಿಗೆ ಆಧಾರ ಅಂತ ಗೊತ್ತಾಗುತ್ತದೆ. ಬೇಸರದ ವಿಷಯ ಒಂದೇ: ರೈಲ್ವೇ ಸ್ಟೇಶನ್ ಇಂದ್ರಾಳಿಯಲ್ಲಿ, ರಾತ್ರಿ ರೈಲಿನಿಂದ ಇಳಿದವರಿಗೆ ಬಸ್ ಸಿಗುವುದು ಕಷ್ಟ. ರೈಲಿನ ಟೈಮಿಗೆ ಒಂದು ಬಸ್ ನಿಲ್ಲಿಸುವುದು ಅಂಥ ಕಷ್ಟದ ಕೆಲಸವೇ, ಮಾರಾಯ್ರೆ?

ಮಂಗಳೂರಿಗೆ ಹೊಸದಾಗಿ ಬರುವವರಿಗೆ ಇಷ್ಟು ಹೇಳುತ್ತೇನೆ. ಮನೆ ಒಪ್ಪಿಕೊಳ್ಳುವ ಮೊದಲು ರಾತ್ರಿ ಒಂಬತ್ತಕ್ಕೆ ಆ ಮನೆಯ ಸ್ಟಾಪಿಗೆ ಹೋಗಿ ನಿಂತು ನೋಡಿ, ಭಾನುವಾರ ಮಧ್ಯಾಹ್ನವೂ ಒಮ್ಮೆ ನೋಡಿ. ಸ್ಟಾಪಿನಿಂದ ಮನೆಗೆ ನಡೆಯಿರಿ, ದಾರಿಯಲ್ಲಿ ಲೈಟ್ ಉಂಟಾ ನೋಡಿ. ಚಿಲ್ಲರೆ ಇಟ್ಟುಕೊಳ್ಳಿ, ಟಿಕೆಟ್ ಕೇಳಿ ತಗೊಳ್ಳಿ. ಹತ್ತಿರದ ಆಟೋ ಸ್ಟ್ಯಾಂಡಿನ ಒಬ್ಬರ ನಂಬರ್ ಮೊಬೈಲಲ್ಲಿರಲಿ, ಜೋರು ಮಳೆಗೆ ಬೇಕಾಗುತ್ತದೆ. ನಿಮ್ಮ ವಾರ್ಡ್ ಕಮಿಟಿ ಮೀಟಿಂಗಿಗೆ ಹೋಗಿ, ರಸ್ತೆ ಅಗಲದ ಮಾತು ಎತ್ತುವವರು ಅಲ್ಲಿ ಬೇಕಾದಷ್ಟು ಇರುತ್ತಾರೆ, ಬಸ್ ಸ್ಟಾಪಿನ ಮಾತು ನೀವು ಎತ್ತಿ. ಮತ್ತೆ ಬಾಡಿಗೆ ಮಾತಾಡುವಾಗ ನಮಗೆ ಪಾರ್ಕಿಂಗ್ ಬೇಡ ಅಂತ ಮೊದಲೇ ಹೇಳಿ. ನಮ್ಮ ಓನರ್ ನಮ್ಮ ಪಾಲಿನ ಜಾಗವನ್ನು ಪಕ್ಕದ ಕ್ಲಿನಿಕ್ಕಿನವರಿಗೆ ಬಾಡಿಗೆಗೆ ಕೊಟ್ಟು, ಅಷ್ಟನ್ನು ನಮ್ಮ ಬಾಡಿಗೆಯಲ್ಲಿ ಬಿಟ್ಟರು. ಕೇಳಿದ್ದಕ್ಕೆ ಸಿಕ್ಕಿತು, ನೀವೂ ಕೇಳಿ ನೋಡಿ.